ಮುಟ್ಟು ನಿಂತ ಮೇಲೆ ಹೊಟ್ಟೆ ಬರುವುದಕ್ಕೂ ಮೂಳೆ ಸವೆಯುವುದಕ್ಕೂ ಸಂಬಂಧ ಇದೆಯಾ?

ನಿಮ್ಮ ಅಮ್ಮನಿಗೆ 51, ಮುಟ್ಟು ನಿಂತು ಎರಡು ವರ್ಷ. ಊಟ ಮೊದಲಿನಷ್ಟೇ, ಹೊಟ್ಟೆ ಮಾತ್ರ ಬಂದಿದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 1.8. ದಪ್ಪಗಿರುವವರ ಮೂಳೆ ಹೇಗೆ ಸವೆಯುತ್ತದೆ, ರಾತ್ರಿ ಊಟ ಬಿಡಿಸಲಾ ಅಂತ ಕೇಳಿದ್ದೀರಿ. ಊಟ ಬಿಡಿಸಬೇಡಿ. ನಾನು ಡಾಕ್ಟರ್ ಅಲ್ಲ, ಉಡುಪಿ ಕಡೆಯವಳು. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

43ನೇ ವಯಸ್ಸಿನಲ್ಲಿ ನನ್ನ ಗರ್ಭಕೋಶ ತೆಗೆದರು, ಜೊತೆಗೆ ಎರಡೂ ಅಂಡಾಶಯ. ಬೇರೆಯವರಿಗೆ ಅಂಡಾಶಯದ ಹಾರ್ಮೋನು ಈಸ್ಟ್ರೊಜೆನ್ ವರ್ಷಗಟ್ಟಲೆ ಏರಿ ಇಳಿದು ಕಡಿಮೆಯಾಗುತ್ತದೆ, ನನಗೆ ಒಮ್ಮೆಲೇ ಹೋಯಿತು. ಮೂಳೆಗೇನಾಗುತ್ತದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕೈದು ವರ್ಷದಲ್ಲಿ ತೂಕ ಏರಿದ್ದು ಎರಡೇ ಕಿಲೋ. ಆದರೆ ಲಂಗದ ಲಾಡಿ ಕಟ್ಟಲು ತುದಿಯೇ ಸಿಗುತ್ತಿರಲಿಲ್ಲ, ತೊಡೆ ಮಾತ್ರ ಸೊರಗಿತ್ತು. ಸ್ನಾಯು ಕರಗಿದ ಜಾಗಕ್ಕೆ ಹೊಟ್ಟೆಯ ಕೊಬ್ಬು ಬಂದರೆ ತೂಕದ ಮೆಷಿನ್‌ಗೆ ಎರಡೂ ಒಂದೇ ಅಲ್ವಾ? ನಾನು ಹೊಟ್ಟೆ ಇಳಿಸಬೇಕೆಂದು ಆರು ತಿಂಗಳು ರಾತ್ರಿ ಬರೀ ಗಂಜಿ ತಿಳಿ ಕುಡಿದೆ.

ಆ ವರ್ಷ ಆಟಿಯ ಮಳೆಯಲ್ಲಿ ಅಂಗಳದ ಪಾಚಿಗೆ ಕಾಲು ಜಾರಿತು. ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಅಂಗಳಕ್ಕೆ ಅಡಿಕೆ ಸಲಾಕೆ ಹಾಸಲಿಲ್ಲ ಅಂತ ಮನೆಯವರನ್ನು ಬೈದೆ. ಆಮೇಲೆ ಸ್ಕ್ಯಾನಿನಲ್ಲಿ ಮೈನಸ್ 2.7 ಬಂತು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭಕ್ಕೆ ಮುರಿಯುವ ಕಾಯಿಲೆ. ಅಮ್ಮನದು ಅದರ ಹಿಂದಿನ ಹಂತ.

ಮೂಳೆ ಕಲ್ಲಿನ ಹಾಗೆ ಸುಮ್ನೆ ಕೂತಿರುವುದಿಲ್ಲ. ಹಳೆಯದನ್ನು ಕರಗಿಸುವ ಕೋಶಗಳು ಬೇರೆ, ಹೊಸದನ್ನು ಕಟ್ಟುವ ಕೋಶಗಳು ಬೇರೆ. ಕರಗಿಸುವವಕ್ಕೆ ಈಸ್ಟ್ರೊಜೆನ್ ಲಗಾಮು. ಅದು ಹೋದರೆ ಅವು ಹೆಚ್ಚು ದಿನ ಬದುಕಿ ಹೆಚ್ಚು ಕರಗಿಸುತ್ತವೆ, ಕಟ್ಟುವವು ಹಿಂದೆ ಬೀಳುತ್ತವೆ. ಮುಟ್ಟು ನಿಲ್ಲುವ ಆಸುಪಾಸಿನ ಕೆಲವು ವರ್ಷ ಬೆನ್ನುಮೂಳೆ ವರ್ಷಕ್ಕೆ ಶೇಕಡಾ 2ರಷ್ಟು ಸವೆಯಬಹುದು. ನೋವೇ ಇರುವುದಿಲ್ಲ. ಕೊಬ್ಬು ಎಲ್ಲಿ ಕೂರಬೇಕು ಅನ್ನುವುದರಲ್ಲೂ ಈ ಹಾರ್ಮೋನಿನ ಕೈ ಇದೆ. ಇದ್ದಾಗ ಸೊಂಟ, ತೊಡೆ. ಕಡಿಮೆಯಾದಾಗ ಹೊಟ್ಟೆಯೊಳಗೆ, ಕರುಳಿನ ಸುತ್ತ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ಜಾಸ್ತಿ ಅಪಾಯ ಈ ಒಳಗಿನ ಕೊಬ್ಬೇ. ಕೊಬ್ಬಿನಲ್ಲೂ ಸ್ವಲ್ಪ ಈಸ್ಟ್ರೊಜೆನ್ ತಯಾರಾಗುತ್ತದೆ ನಿಜ, ಆದರೆ ಅಂಡಾಶಯ ಕೊಡುತ್ತಿದ್ದದ್ದಕ್ಕೆ ಅದು ಸಾಟಿಯಲ್ಲ.

ಇಂಥ ಹೊತ್ತಿನಲ್ಲಿ ಹೊಟ್ಟೆಗೆ ಕಡಿಮೆ ಹಾಕಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯು, ಮೂಳೆಯೂ ಇಳಿಯುತ್ತವೆ. ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಅದು ಸಿಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340ರ ಆಸುಪಾಸು ಇದೆ. ರಾಗಿ ಮಣ್ಣಿ ಅಂದರೆ ಶಿಶುಗಳಿಗೆ ಅಂತ ನಮ್ಮಲ್ಲಿ ಲೆಕ್ಕ, ನಾನು ಮೊಮ್ಮಗನ ಪಾಲಿನಲ್ಲಿ ಪಾಲು ತೆಗೆಯುತ್ತೇನೆ. ಹಾಲು, ಮೊಸರು, ಹರಿವೆ ಸೊಪ್ಪು, ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನು. ಜೊತೆಗೆ ಹೆಸರುಕಾಳು, ಮೊಟ್ಟೆ. ಕರಾವಳಿಯಲ್ಲಿ ಬಿಸಿಲಿಗೇನು ಬರ ಅನ್ನಬೇಡಿ, ಒಳಗೇ ಇರುವವರಿಗೆ ವಿಟಮಿನ್ ಡಿ ಕಡಿಮೆ ಇರಬಹುದು, ಪರೀಕ್ಷೆ ಮಾಡಿಸಿ.

ಮಲ್ಪೆ ಬೀಚಿನ ವಾಕಿಂಗ್ ಒಳ್ಳೆಯದೇ, ಮೂಳೆಗೆ ಅದೊಂದೇ ಸಾಲದು. ಭಾರ ಎತ್ತಬೇಕು. ನಾನು ಎರಡು ಬಾಟಲಿ ನೀರಿನಿಂದ ಶುರು ಮಾಡಿದೆ, ಸೊಸೆ ನಕ್ಕಳು.

ಹಾರ್ಮೋನು ಮಾತ್ರೆಯ ಬಗ್ಗೆ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. 60 ದಾಟುವ ಮುಂಚೆ, ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಲಾಭ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನನಗೆ ಕೊಟ್ಟದ್ದು ವಾರಕ್ಕೊಂದು ಮೂಳೆಯ ಮಾತ್ರೆ. ಖಾಲಿ ಹೊಟ್ಟೆಗೆ ಲೋಟ ತುಂಬ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗುವ ಹಾಗಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮದು ಮಂಗಳೂರಿನ ಫ್ಲ್ಯಾಟ್ ಅಂದಿರಿ, ಪಾಚಿ ಇಲ್ಲ. ಬಾತ್‌ರೂಮಿನ ಟೈಲ್ಸ್ ಮೇಲೆ ನೀರು ಚೆಲ್ಲಿ ನೀವೇ ಒಮ್ಮೆ ನಡೆದು ನೋಡಿ.