ಡಿಪ್ಲೊಮಾ ಮೆಕ್ಯಾನಿಕಲ್ ಆದವರು ಕೆಲಸ ಹುಡುಕುವುದು ಎಲ್ಲಿ?

ಹಾಸನದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ, ಮನೆಯಿಂದಲೇ ನೌಕ್ರಿ ವೆಬ್‌ಸೈಟಿನಲ್ಲಿ ನೂರಾರು ಅರ್ಜಿ ಹಾಕಿದರೂ ಒಂದು ಫೋನೂ ಬಂದಿಲ್ಲ ಎಂದಿದ್ದೀರಿ. ಓದಿದ್ದೇ ದಂಡ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಲೋಹದ ಬಿಡಿಭಾಗ ತಯಾರಿಸುವ ಸಣ್ಣ ಮಶೀನ್ ಶಾಪ್‌ಗಳಲ್ಲಿ ಎಷ್ಟೋ ಕಡೆ ಆನ್‌ಲೈನ್ ಜಾಹೀರಾತೇ ಇರುವುದಿಲ್ಲ, ಗೇಟಿಗೆ ಬೋರ್ಡ್ ಕಟ್ಟಿರುತ್ತಾರೆ. ಬೆಂಗಳೂರಿನ ಪೀಣ್ಯ ಇಂಡಸ್ಟ್ರಿ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ಒಳಗಿನ ಕ್ರಾಸ್‌ಗಳಲ್ಲಿ ನಡೆದು ನೋಡಿ: "ಸಿಎನ್‌ಸಿ ಆಪರೇಟರ್, ಕ್ಯೂಸಿ ಇನ್ಸ್‌ಪೆಕ್ಟರ್ ಬೇಕಾಗಿದ್ದಾರೆ", ಕೆಳಗೊಂದು ಫೋನ್ ನಂಬರ್. ಸಿಎನ್‌ಸಿ ಅಂದರೆ ಕಂಪ್ಯೂಟರ್ ನಿಯಂತ್ರಣದ ಮಶೀನ್, ಕ್ಯೂಸಿ ಅಂದರೆ ಗುಣಮಟ್ಟದ ತಪಾಸಣೆ. ಶಿಫ್ಟ್ ಬದಲಾಗುವ ಹೊತ್ತಿಗೆ ಮಾತ್ರ ಹೋಗಬೇಡಿ, ಸೂಪರ್‌ವೈಸರ್‌ಗೆ ಮಾತಾಡಲು ಪುರುಸೊತ್ತಿರುವುದಿಲ್ಲ.

ರೆಸ್ಯೂಮೆ ಒಂದೇ ಪುಟ ಸಾಕು. "ಹಾರ್ಡ್ ವರ್ಕಿಂಗ್" ಅಂತೆಲ್ಲ ಬರೆದಿದ್ದರೆ ತೆಗೆದುಬಿಡಿ. ಕಾಲೇಜಿನ ಲ್ಯಾಬ್‌ನಲ್ಲಿ ಕೈಯಾಡಿಸಿದ್ದು ಫ್ಯಾನುಕ್ ಕಂಟ್ರೋಲೋ ಸೀಮೆನ್ಸೋ (ಎರಡೂ ಸಿಎನ್‌ಸಿ ಮಶೀನ್ ನಡೆಸುವ ಕಂಟ್ರೋಲ್‌ನ ಬ್ರಾಂಡ್‌ಗಳು), ಮೈಕ್ರೋಮೀಟರ್, ರಂಧ್ರದ ಒಳಅಳತೆ ನೋಡುವ ಬೋರ್ ಗೇಜ್‌ನಲ್ಲಿ ಅಳೆಯಲು ಬರುತ್ತದೆಯೋ, ಡ್ರಾಯಿಂಗ್ ನೋಡಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದು) ಹೇಳಬಲ್ಲಿರೋ, ಇದು ಮೇಲಿನ ನಾಲ್ಕೈದು ಸಾಲಿನಲ್ಲೇ ಇರಲಿ. ಗೇಟಿನಲ್ಲಿ ನಿಂತು ಓದುವವರು ಅದಕ್ಕಿಂತ ಕೆಳಗೆ ಹೋಗುವುದು ಕಡಿಮೆ.

ಒಂದು ನೋಟ್‌ಬುಕ್ಕಿನಲ್ಲಿ ಕಂಪನಿ, ಮಾತಾಡಿದವರ ಹೆಸರು, ತಾರೀಖು ಬರೆದಿಡಿ. ವಾರ ಬಿಟ್ಟು ಮತ್ತೆ ಫೋನ್ ಮಾಡಿ. ಹಾಗೆ ಮಾಡುವವರು ಕಡಿಮೆ, ಅದಕ್ಕೇ ಕಂಪನಿಯವರಿಗೆ ನಿಮ್ಮ ನೆನಪಿರುತ್ತದೆ.

ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲೂ ಇವತ್ತೇ ಹೆಸರು ನೋಂದಾಯಿಸಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಡಿಪ್ಲೊಮಾದವರಿಗೆ ಒಂದು ವರ್ಷದ ತರಬೇತಿ, ತಿಂಗಳಿಗೆ ಸ್ಟೈಪೆಂಡ್, ಮುಗಿದ ಮೇಲೆ ಪ್ರಮಾಣಪತ್ರ ಸಿಗುತ್ತದೆ. ಕೆಲಸ ಖಾಯಂ ಆಗುವ ಖಾತ್ರಿಯಿಲ್ಲ. ಆದರೂ "ಅನುಭವ ಇದೆಯಾ?" ಎಂಬ ಪ್ರಶ್ನೆಗೆ ಆಮೇಲೆ ಉತ್ತರವಿರುತ್ತದೆ.

ರಿಜಿಸ್ಟ್ರೇಷನ್ ಫೀಸು, ಯೂನಿಫಾರ್ಮ್ ಡೆಪಾಸಿಟ್ ಅಂತ ಯಾರೇ ದುಡ್ಡು ಕೇಳಿದರೂ ಒಂದು ರೂಪಾಯಿ ಕೊಡಬೇಡಿ.