ಕೇಳಿ ಹೇಳ್ತೀವಿ: ಅಮೆರಿಕದ ಮೊದಲ ಜನ, ಸುರಪುರದ ಹುಡುಗಿಯ ಆಸೆ

ಪ್ರಶ್ನೆ: ಸರ್, ನಾನು ಬಿಎ ಎರಡನೇ ವರ್ಷ, ಹಿಸ್ಟರಿ. ಅಮೆರಿಕ ಖಂಡಕ್ಕೆ ಮೊದಲು ಬಂದ ಜನರ ಬಗ್ಗೆ ಆರ್ಕಿಯಾಲಜಿ ಓದ್ಬೇಕು ಅಂತ ಆಸೆ. ಅಪ್ಪ "ಅಗ್ಯಾಕ ನಮ್ಮೂರಾಗ ಮಣ್ಣಿಲ್ಲೇನ" ಅಂತ ನಗ್ತಾರೆ. ಎಲ್ಲಿಂದ ಶುರು ಮಾಡ್ಲಿ?
- ವಿದ್ಯಾರ್ಥಿನಿ, ಸುರಪುರ

ಉತ್ತರ: ಅಪ್ಪ ತಮಾಷೆಗೆ ಹೇಳಿದ್ರೂ ಮಾತು ಸರಿಯಾಗೇ ಇದೆ ಕಣಮ್ಮ. ನಿಮ್ಮ ಹುಣಸಗಿ ಕಡೇನೇ ಇಸಾಂಪುರ ಇದೆಯಲ್ಲ, ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವ್ರು ಅಗೆಸಿದ್ದು, ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡ್ತಿದ್ದ ಜಾಗ, ಸುಮಾರು 12 ಲಕ್ಷ ವರ್ಷ ಹಳೇದು ಅಂತ ಲೆಕ್ಕ. ಅಮೆರಿಕದಲ್ಲಿ ಜಗಳ ಏನಿದ್ರೂ ಸಾವಿರದ ಲೆಕ್ಕದಲ್ಲಿ, ಜನ ಬಂದು 13 ಸಾವಿರ ವರ್ಷ ಆಯ್ತಾ 23 ಸಾವಿರನಾ ಅಂತ. ಅದಕ್ಕೇ ಕಲ್ಲು ತಾನಾಗೇ ಒಡೆದಿದ್ದಾ ಕೈಯಿಂದ ಒಡೆದಿದ್ದಾ ಅಂತ ನೋಡೋ ಕಣ್ಣು ಇಲ್ಲೇ ಬರ್ಲಿ, ಎಂಎ ಧಾರವಾಡನೋ ಮೈಸೂರೋ ಪುಣೆಯೋ ಎಲ್ಲಾದ್ರೂ ಮಾಡಿ.

ಆಮೇಲೆ ಅಮೆರಿಕಕ್ಕೆ ಅಪ್ಲೈ ಮಾಡೋವಾಗ ಹಿಸ್ಟರಿ ಡಿಪಾರ್ಟ್‌ಮೆಂಟ್ ಹುಡುಕ್ಬೇಡಿ, ಅಲ್ಲಿ ಆರ್ಕಿಯಾಲಜಿ ಸಾಮಾನ್ಯವಾಗಿ ಆಂಥ್ರೊಪಾಲಜಿ, ಅಂದ್ರೆ ಮಾನವಶಾಸ್ತ್ರದ ಒಳಗೇ ಇರುತ್ತೆ. ಬೇಸಿಗೇಲಿ ಫೀಲ್ಡ್ ಸ್ಕೂಲ್ ಅಂತ ಮಾಡ್ತಾರೆ, ಕೆಲವು ವಾರ ಬಿಸಿಲಲ್ಲಿ ಮೊಣಕಾಲೂರಿ ಕರಣೆಯಿಂದ ಮಣ್ಣು ಕೆರೆಯೋದು, ಜರಡಿ ಹಿಡಿಯೋದು, ಫೀಸೂ ನಾವೇ ಕಟ್ಬೇಕು ಅನ್ನೋದು ಬೇಜಾರಿನ ವಿಷ್ಯ. ಕೆಲಸ ಸಿಗುತ್ತಾ ಅಂದ್ರೆ, 1966ರ ಒಂದು ಕಾನೂನಿನ ಪ್ರಕಾರ ಫೆಡರಲ್ ಸರ್ಕಾರದ ದುಡ್ಡೋ ಪರ್ಮಿಷನ್ನೋ ಇರೋ ಹೈವೇ, ಪೈಪ್‌ಲೈನ್ ಕೆಲಸಕ್ಕೆ ಮುಂಚೆ ಹಳೇ ನೆಲೆ ಏನಾದ್ರೂ ಇದೆಯಾ ಅಂತ ನೋಡ್ಬೇಕು, ಅಲ್ಲಿನ ಆರ್ಕಿಯಾಲಜಿಸ್ಟ್‌ಗಳಲ್ಲಿ ಜಾಸ್ತಿ ಜನಕ್ಕೆ ಅನ್ನ ಹಾಕೋದು ಆ ಕೆಲಸಾನೇ, ಯೂನಿವರ್ಸಿಟಿ ಅಲ್ಲ. ಇನ್ನೊಂದು, ಅಸ್ಥಿ ಸಿಕ್ತು ಅಂತ ಲ್ಯಾಬಿಗೆ ಹೊತ್ಕೊಂಡು ಹೋಗೋ ಕಾಲ ಮುಗೀತು. 1990ರ ಕಾನೂನು ಬಂದ್ಮೇಲೆ ಮೂಲನಿವಾಸಿ ಬುಡಕಟ್ಟುಗಳನ್ನ ಕೇಳ್ಬೇಕು, 1996ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕ, ಸಾವಿರಾರು ವರ್ಷ ಹಳೇ ಕೆನೆವಿಕ್ ಮನುಷ್ಯನ ಮೂಳೆಗೆ ಇಪ್ಪತ್ತು ವರ್ಷ ಕೋರ್ಟು ಕಚೇರಿ ಆಗಿ ಕೊನೆಗೆ 2017ರಲ್ಲಿ ಬುಡಕಟ್ಟಿನವರೇ ಮಣ್ಣು ಮಾಡಿದ್ರು. ಸರಿಯಾಗೇ ಆಯ್ತು ಅನ್ನೋನು ನಾನು.

ಪ್ರಶ್ನೆ: ಮೊದಲು ಬಂದವರು ಕ್ಲೋವಿಸ್ ಜನ ಅಂತ ನಾವು ಓದಿದ್ದು. ಈಗ ಅದು ತಪ್ಪಾ?
- ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೊದಲನೆಯವರು ಅನ್ನೋದು ಹೋಯ್ತು ಮೇಷ್ಟ್ರೇ. ನ್ಯೂ ಮೆಕ್ಸಿಕೋದ ಕ್ಲೋವಿಸ್ ಊರಿನ ಹೆಸರಿಟ್ಟಿರೋ ಆ ಜನರ ಕಲ್ಲಿನ ಈಟಿ ಮೊನೆ ಸುಮಾರು 13 ಸಾವಿರ ವರ್ಷದ್ದು. ಚಿಲಿ ದೇಶದ ಮೋಂಟೆ ವೆರ್ಡೆಯಲ್ಲಿ ಆರ್ಕಿಯಾಲಜಿಸ್ಟ್ ಟಾಮ್ ಡಿಲ್ಲೆಹೇ ಅಗೆದು 14,500 ವರ್ಷ ಅಂದಾಗ ಯಾರೂ ನಂಬ್ಲಿಲ್ಲ, 1997ರಲ್ಲಿ ದೊಡ್ಡ ದೊಡ್ಡವರೇ ಹೋಗಿ ನೋಡಿ ಒಪ್ಕೊಂಡು ಬಂದ್ರು. ಆಮೇಲೆ 2021ರಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಹೆಜ್ಜೆ ಗುರುತು, 21ರಿಂದ 23 ಸಾವಿರ ವರ್ಷ ಅಂದ್ರು. ನೀರಲ್ಲಿ ಬೆಳೆಯೋ ಗಿಡದ ಬೀಜದಲ್ಲಿರೋ ಕಾರ್ಬನ್‌ನಿಂದ ವಯಸ್ಸು ಹಾಕಿದೀರ, ನೀರಲ್ಲಿ ಹಳೇ ಕಾರ್ಬನ್ ಇದ್ರೆ ಲೆಕ್ಕ ತಪ್ಪುತ್ತೆ ಅಂತ ತಕರಾರು ಬಂತು, 2023ರಲ್ಲಿ ನೆಲದ ಮರಗಳ ಪರಾಗ, ಕ್ವಾರ್ಟ್ಜ್ ಮರಳು ಎರಡ್ರಿಂದಲೂ ನೋಡಿದಾಗ ಅದೇ ವಯಸ್ಸು ಬಂತು. ಆದ್ರೂ ಒಪ್ಪದವರು ಇದ್ದಾರೆ. ಅದೇ ವೈಟ್ ಸ್ಯಾಂಡ್ಸ್‌ನಲ್ಲಿ ಇನ್ನೊಂದು ಸಾಲಿದೆ, ಯಾರೋ ಮಗು ಎತ್ಕೊಂಡು ಕೆಸರಲ್ಲಿ ಬಿರಬಿರನೆ ಹೋಗಿದ್ದು, ಅಲ್ಲಲ್ಲಿ ಮಗೂನ ಕೆಳಗಿಳಿಸಿದಾಗ ಪುಟ್ಟ ಪಾದ ಮೂಡಿದೆ, ವಾಪಸ್ ಬರೋವಾಗ ಮಗು ಇಲ್ಲ. ನನಗಂತೂ ವಯಸ್ಸಿನ ಜಗಳಕ್ಕಿಂತ ಇದೇ ಜಾಸ್ತಿ ಕಾಡುತ್ತೆ.

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮ ಭಾವನ ಮಗನಿಗೆ ಟ್ರೆಕಿಂಗ್‌ನಲ್ಲಿ ಕಲ್ಲಿನ ಬಾಣದ ಮೊನೆ ಸಿಕ್ಕಿದೆ. ಶೋಕೇಸ್‌ಗೆ ಇಡೋಕೆ ಊರಿಗೆ ತರ್ತೀನಿ ಅಂತಾನೆ. ತರಬಹುದಾ?
- ಗೃಹಿಣಿ, ದಾವಣಗೆರೆ

ಉತ್ತರ: ಬೇಡ ಅಂತ ಇವತ್ತೇ ಫೋನ್ ಮಾಡಿ ಅಕ್ಕಾ. ನ್ಯಾಷನಲ್ ಪಾರ್ಕ್‌ನಿಂದ ಎತ್ತಿದ್ರೆ ಅಪರಾಧ, ಅದಿರ್ಲಿ. ಅದಕ್ಕಿಂತ ದೊಡ್ಡ ವಿಷ್ಯ ಇದೆ. ನ್ಯೂ ಮೆಕ್ಸಿಕೋದ ಫೋಲ್ಸಮ್ ಅನ್ನೋ ಊರಲ್ಲಿ 1908ರಲ್ಲಿ ಮಳೆ ಬಂದು ಪ್ರವಾಹ ಆಯ್ತು, ಆಮೇಲೆ ಜಾರ್ಜ್ ಮ್ಯಾಕ್‌ಜಂಕಿನ್ ಅಂತ ಕಪ್ಪು ಕೌಬಾಯ್, ಹುಟ್ಟಿದ್ದು ಗುಲಾಮರ ಮನೇಲಿ, ತಂತಿ ಬೇಲಿ ನೋಡ್ಕೊಂಡು ಹೋಗ್ತಿದ್ದಾಗ ಕೊರೆದ ಹಳ್ಳದ ದಂಡೆಯಲ್ಲಿ ಮೂಳೆ ಕಂಡ. ದನದ್ದಲ್ಲ, ಈಗಿನ ಕಾಡೆಮ್ಮೆದೂ ಅಲ್ಲ ಅಂತ ಅವನಿಗೆ ಗೊತ್ತಾಯ್ತು, ಸಿಕ್ಕವರಿಗೆಲ್ಲ ಹೇಳ್ದ, ಯಾರೂ ಬರ್ಲಿಲ್ಲ, 1922ರಲ್ಲಿ ತೀರ್ಕೊಂಡ. 1926ರಲ್ಲಿ ಅಗೆತ ಶುರುವಾಗಿ ಕಲ್ಲಿನ ಮೊನೆ ಸಿಕ್ತು, ಆದ್ರೆ ಮಣ್ಣಿಂದ ಬಿಡಿಸಿ ತಂದ ಮೊನೆ ನೋಡಿ ಮೇಲಿಂದ ಜಾರಿ ಬಿದ್ದಿರ್ಬೇಕು ಅಂದ್ರು. 1927ರಲ್ಲಿ ಇನ್ನೊಂದು ಸಿಕ್ಕಾಗ ಮುಟ್ಟಲೇ ಇಲ್ಲ, ಪಕ್ಕೆಲುಬುಗಳ ಮಧ್ಯೆ ಹಂಗೇ ಬಿಟ್ಟು ಟೆಲಿಗ್ರಾಂ ಹೊಡೆದ್ರು, ಪಂಡಿತರು ಬಂದು ಬಗ್ಗಿ ನೋಡಿದ್ರು. ಅಳಿದು ಹೋದ ಕಾಡೆಮ್ಮೇನ ಮನುಷ್ಯ ಕೊಂದಿದ್ದಾನೆ ಅಂತ ಅವತ್ತು ಗೊತ್ತಾಯ್ತು. ಮೊದಲ ಸಲದ ಹಾಗೆ ಕಿತ್ತು ತಂದಿದ್ರೆ ಅದೂ ಬರೀ ಕಲ್ಲೇ.

ಹುಡುಗ ಎತ್ತಿದ ಜಾಗ ಅವನ ಫೋನಿನ ಫೋಟೋದಲ್ಲಿ ಇರಬಹುದು. ಆ ಜಾಗ ನೋಡ್ಕೊಳ್ಳೋ ಆಫೀಸಿಗೆ ಆ ಫೋಟೋ ಕಳಿಸಿ, ಎತ್ತಿಬಿಟ್ಟೆ ಅಂತ ನಿಜ ಹೇಳ್ಲಿ. ಶೋಕೇಸ್‌ಗೆ ಚನ್ನಪಟ್ಟಣದ ಗೊಂಬೆ ಇಡಿ.