ಇಬ್ಬರು ಮ್ಯಾನೇಜರ್‌ಗಳ ನಡುವೆ ಸಿಕ್ಕಿಹಾಕಿಕೊಂಡಿದ್ದರೆ

ನಮಸ್ಕಾರ. ಪ್ರೊಡಕ್ಷನ್ ಮ್ಯಾನೇಜರ್ ಲಾಟ್ (ಒಟ್ಟಿಗೆ ತಯಾರಾದ ಮಾಲು) ಇವತ್ತೇ ಕಳಿಸು ಅಂತಾರೆ, ಕ್ವಾಲಿಟಿ ಮ್ಯಾನೇಜರ್ ತಡೆ ಅಂತಾರೆ, ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಯಾರ ಮಾತು ಕೇಳಿದರೂ ಇನ್ನೊಬ್ಬರ ಬೈಗುಳ ನಿಮಗೇ ಅಲ್ವಾ?

ಇದು ಹಳೆಯ ಸಮಸ್ಯೆ. ಫ್ರಾನ್ಸಿನಲ್ಲಿ ದೊಡ್ಡ ಗಣಿ ಕಂಪನಿ ನಡೆಸಿದ ಹೆನ್ರಿ ಫಯೋಲ್ 1916ರಲ್ಲಿ ಆಡಳಿತದ 14 ತತ್ವಗಳನ್ನು ಬರೆದರು. ಅದರಲ್ಲೊಂದು, ಒಬ್ಬ ನೌಕರನಿಗೆ ಒಬ್ಬರಿಂದಲೇ ಆದೇಶ ಬರಬೇಕು ಎಂಬುದು. ಈಗ ಎಷ್ಟೋ ಕಂಪನಿಗಳಲ್ಲಿ ಇಬ್ಬರಿಗೆ ವರದಿ ಮಾಡುವುದು ಮಾಮೂಲು. ಆದರೂ ಯಾವ ವಿಷಯಕ್ಕೆ ಯಾರದ್ದು ಕೊನೆಯ ಮಾತು ಅನ್ನೋದು ಮೊದಲೇ ತೀರ್ಮಾನವಾಗಿರಲೇಬೇಕು. ನಿಮ್ಮಲ್ಲಿ ಅದೇ ಆಗಿಲ್ಲ.

ಹಾಗಾಗಿ ನೀವು ಸುಮ್ನೆ ಮಧ್ಯಸ್ಥಿಕೆಗೆ ಹೋಗಬೇಡಿ. ಸಮಾನ ಹುದ್ದೆಯವರು, ತಮ್ಮ ಮೇಲಿನವರಿಗೆ ಗೊತ್ತಿರುವಂತೆ, ನೇರವಾಗಿ ಮಾತಾಡಿಕೊಳ್ಳಬಹುದು ಎಂದೂ ಫಯೋಲ್ ಹೇಳಿದ್ದಾರೆ. ಹಾಗೆ ಮಾತಾಡಿ ತೀರ್ಮಾನಿಸುವುದು ನಿಮ್ಮ ಇಬ್ಬರು ಮ್ಯಾನೇಜರ್‌ಗಳ ಕೆಲಸ. ಇಬ್ಬರಿಗೂ ಒಂದೇ ಮೇಲ್ ಹಾಕಿ. ಎರಡು ಸೂಚನೆಯನ್ನೂ ಇದ್ದ ಹಾಗೇ ಬರೆಯಿರಿ, ದೂರಿನ ಧಾಟಿ ಬೇಡ. ಎಷ್ಟು ಗಂಟೆಯೊಳಗೆ ತೀರ್ಮಾನ ಬೇಕು ಅಂತಲೂ ತಿಳಿಸಿ. ಉತ್ತರ ಬರುವವರೆಗೆ ಲಾಟ್ ತಡೆದಿಡುವುದೇ ಒಳ್ಳೆಯದು. ಕೆಟ್ಟ ಮಾಲು ಹೊರಗೆ ಹೋದರೆ ವಾಪಸ್ ತರಿಸುವ ಖರ್ಚು ಜಾಸ್ತಿ. ಇದು ಪದೇ ಪದೇ ಆಗುತ್ತಿದ್ದರೆ ಪ್ಲಾಂಟ್ ಹೆಡ್ ಹತ್ತಿರ ಲಿಖಿತ ನಿಯಮ ಕೇಳಿ.